ಆರು ಶಿಲಿಂಗ್‌ನ ಜಗಳ: ಸಂಬಳವಿಲ್ಲದೆ ಕೌಂಟಿಗೆ ಆಡೋರ ಕಥೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಕೆಲಸಕ್ಕೆ ಹೋಗೋರಿಗೆಲ್ಲ ಒಂದು ಪದ ಚೆನ್ನಾಗಿ ಗೊತ್ತಿರುತ್ತೆ. ಎಲ್‌ಒಪಿ. ಲಾಸ್ ಆಫ್ ಪೇ. ರಜೆಗಳೆಲ್ಲ ಖಾಲಿಯಾದ ಮೇಲೂ ಒಂದು ದಿನ ಹೋಗಲಿಲ್ಲ ಅಂದ್ರೆ ತಿಂಗಳ ಕೊನೆಗೆ ಸ್ಯಾಲರಿ ಸ್ಲಿಪ್‌ನಲ್ಲಿ ಆ ಸಾಲು ಬಂದು ಕೂತಿರುತ್ತೆ. ದಿನಗೂಲಿ ಮಾಡೋರಿಗಾದ್ರೆ ಸ್ಲಿಪ್ಪೂ ಇಲ್ಲ ಏನೂ ಇಲ್ಲ. ಹೋಗದಿದ್ದ ದಿನ ದುಡ್ಡಿಲ್ಲ, ಅಷ್ಟೇ.

ಇವತ್ತಿನ ಕಥೆ ಈ ಎಲ್‌ಒಪಿದು. ಇಂಗ್ಲೆಂಡ್‌ನಲ್ಲಿ ಒಂದು ದೊಡ್ಡ ಆಟ ಇದೇ ವಿಷಯಕ್ಕೆ ಎರಡು ಹೋಳಾಯ್ತು. ಒಂದು ಹೋಳಿನ ಹೆಸರು ರಗ್ಬಿ ಯೂನಿಯನ್, ಇನ್ನೊಂದರ ಹೆಸರು ರಗ್ಬಿ ಲೀಗ್. ಲೀಗ್ ಹುಟ್ಟಿದ್ದೇ ಆಟಗಾರರ ಕೈಗೆ ದುಡ್ಡು ಕೊಡಬೇಕು ಅನ್ನೋ ಬೇಡಿಕೆಯಿಂದ. ಹಾಗಿದ್ದೂ ಅದೇ ಲೀಗ್‌ನಲ್ಲಿ ವರ್ಷಕ್ಕೊಂದು ಸಲ ನಡೆಯೋ ಒಂದು ಟೂರ್ನಿ ಇದೆ. ಇಂಗ್ಲೆಂಡ್‌ನ ಉತ್ತರ ಭಾಗದ ಕೌಂಟಿಗಳಾದ ಕಂಬ್ರಿಯಾ, ಲ್ಯಾಂಕಶೈರ್, ಯಾರ್ಕ್‌ಶೈರ್ ತಂಡಗಳು ಅದರಲ್ಲಿ ಆಡ್ತವೆ. ಆಡೋರೆಲ್ಲ ಅಮೆಚ್ಯೂರ್‌ಗಳು, ಅಂದ್ರೆ ಹವ್ಯಾಸಿಗಳು. ಪ್ಲಂಬರ್, ಗೋಡೌನ್ ಕೆಲಸಗಾರ, ಮೇಸ್ತ್ರಿ, ಟೀಚರ್, ಇಂಥವರು. ಕೌಂಟಿಗೆ ಆಯ್ಕೆಯಾದ್ರೆ ಸಿಗೋದು ಜೆರ್ಸಿ ಮತ್ತು ಊರಲ್ಲಿ ಒಂಚೂರು ಹೆಸರು. ಸಂಬಳ ಇಲ್ಲ.

ದುಡ್ಡು ಕೊಡಿ ಅಂತ ಜಗಳ ಆಡಿ ಮನೆ ಬಿಟ್ಟು ಬಂದ ಆಟದಲ್ಲಿ ಇದು ಹೇಗೆ ಬಂತು? ಒಬ್ಬ ಬಿಕಾಂ ಹುಡುಗನಿಗೆ ಇದು ಟ್ಯಾಲಿ ಆಗದ ಬ್ಯಾಲೆನ್ಸ್ ಶೀಟ್ ಥರ ಕಾಣ್ಸುತ್ತೆ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋಗೋಣ.

ಮೊದಲು ಆಟ ಏನು ಅಂತ ಎರಡು ಮಾತು. ಮೊಟ್ಟೆ ಆಕಾರದ ಚೆಂಡು. ಕೈಯಲ್ಲಿ ಹಿಡ್ಕೊಂಡು ಓಡಬಹುದು, ಆದ್ರೆ ಪಾಸ್ ಮಾಡೋದು ಮಾತ್ರ ಹಿಂದಕ್ಕೆ. ಎದುರಾಳಿಗಳು ನಿಮ್ಮನ್ನ ಹಿಡಿದು ಕೆಡವ್ತಾರೆ, ಕಬಡ್ಡಿಯಲ್ಲಿ ರೇಡರ್‌ನ ಡಿಫೆಂಡರ್‌ಗಳು ಅಮುಕೊಂಡ ಹಾಗೆ. ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. ಲೀಗ್‌ನಲ್ಲಿ ಬಿದ್ದವನು ಎದ್ದು ನಿಂತು ಚೆಂಡನ್ನ ಕಾಲಿಂದ ಹಿಂದಕ್ಕೆ ಉರುಳಿಸ್ತಾನೆ, ಆಟ ಮತ್ತೆ ಶುರು. ಒಂದು ತಂಡಕ್ಕೆ ಆರು ಸಲ ಬೀಳೋ ಅವಕಾಶ, ಆಮೇಲೆ ಚೆಂಡು ಎದುರಾಳಿಗೆ. ಇಷ್ಟು ಸಾಕು.

ಈಗ ಹೋಗೋಣ 19ನೇ ಶತಮಾನದ ಇಂಗ್ಲೆಂಡ್‌ಗೆ. ರಗ್ಬಿ ಶ್ರೀಮಂತರ ಬೋರ್ಡಿಂಗ್ ಶಾಲೆಗಳಲ್ಲಿ ಬೆಳೆದ ಆಟ. 1871ರಲ್ಲಿ ಲಂಡನ್‌ನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಅನ್ನೋ ಸಂಸ್ಥೆ ಆಯ್ತು. ಇವರ ದೇವರು ಅಮೆಚ್ಯೂರಿಸಂ. ಜಂಟಲ್‌ಮನ್ ಆದವನು ದುಡ್ಡಿಗಾಗಿ ಆಡಲ್ಲ ಅನ್ನೋ ನಂಬಿಕೆ. ಆಡೋಕೆ ದುಡ್ಡಿನ ಅವಶ್ಯಕತೆ ಇಲ್ಲದವರು ಈ ಮಾತು ಹೇಳೋದು ಸುಲಭ, ಅಲ್ವಾ?

ಕ್ರಿಕೆಟ್ ನೋಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಹವ್ಯಾಸಿಗಳಿಗೂ ವೃತ್ತಿಪರರಿಗೂ ಡ್ರೆಸಿಂಗ್ ರೂಮೇ ಬೇರೆ ಇರ್ತಿತ್ತು. ಸ್ಕೋರ್‌ಕಾರ್ಡ್‌ನಲ್ಲಿ ಹವ್ಯಾಸಿಯ ಇನಿಷಿಯಲ್ ಹೆಸರಿನ ಮುಂದೆ, ಸಂಬಳದ ಆಟಗಾರನ ಇನಿಷಿಯಲ್ ಹೆಸರಿನ ಹಿಂದೆ. 1950ರಲ್ಲಿ ಲಾರ್ಡ್ಸ್‌ನಲ್ಲಿ ಫ್ರೆಡ್ ಟಿಟ್ಮಸ್ ಅನ್ನೋ ಹುಡುಗನ ಇನಿಷಿಯಲ್ ತಪ್ಪಾಗಿ ಮುಂದೆ ಪ್ರಿಂಟ್ ಆಗಿಬಿಡ್ತು, ಅದನ್ನ ಮೈಕ್‌ನಲ್ಲಿ ಅನೌನ್ಸ್ ಮಾಡಿ ಸರಿಪಡಿಸಿದ್ರು. ಈ ಹವ್ಯಾಸಿ–ವೃತ್ತಿಪರ ಭೇದ ಕ್ರಿಕೆಟ್‌ನಿಂದ ಅಧಿಕೃತವಾಗಿ ಹೋಗಿದ್ದು 1962ರ ಕೊನೆಗೆ. ಇನ್ನೊಂದು ಕಡೆ, ಡಬ್ಲ್ಯು. ಜಿ. ಗ್ರೇಸ್ ದಾಖಲೆಯಲ್ಲಿ ಹವ್ಯಾಸಿ, ಆದ್ರೆ ಖರ್ಚುವೆಚ್ಚ, ಸನ್ಮಾನ ನಿಧಿ ಅಂತ ವೃತ್ತಿಪರರಿಗಿಂತ ಜಾಸ್ತಿ ದುಡಿದವನು.

ಈ ಜಂಟಲ್‌ಮನ್ ಲೋಕಕ್ಕೆ ನಮ್ಮ ದೇಶದ್ದೂ ಒಂದು ನಂಟಿದೆ. 1873ರಲ್ಲಿ ಕಲ್ಕತ್ತದಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿದ್ರು. ಐದು ವರ್ಷದಲ್ಲಿ ಮೆಂಬರ್‌ಗಳು ಕಮ್ಮಿಯಾಗಿ ಕ್ಲಬ್ ಮುಚ್ಚಿಹೋಯ್ತು. ಬಿಟ್ಟಿ ಬಾರ್ ನಿಲ್ಲಿಸಿದ್ದೇ ಕಾರಣ ಅಂತಾನೂ ಹೇಳ್ತಾರೆ. ಮುಚ್ಚುವಾಗ ಬ್ಯಾಂಕಲ್ಲಿದ್ದ ದುಡ್ಡನ್ನ ಬೆಳ್ಳಿ ರೂಪಾಯಿಗಳಾಗಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿ ಲಂಡನ್‌ಗೆ ಕೊಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಆಡೋದು ಅದೇ ಕಲ್ಕತ್ತ ಕಪ್‌ಗೆ. ಹಿಡಿಕೆಗಳು ಹಾವಿನ ಆಕಾರದಲ್ಲಿವೆ, ಮುಚ್ಚಳದ ಮೇಲೆ ಆನೆ. ಸರಿ, ವಿಷಯಕ್ಕೆ ಬರ್ತೀನಿ.

ಉತ್ತರ ಇಂಗ್ಲೆಂಡ್‌ನಲ್ಲಿ ಕಥೆ ಬೇರೆ ಥರ ಇತ್ತು. ಯಾರ್ಕ್‌ಶೈರ್‌ನಲ್ಲಿ ಉಣ್ಣೆ ಮಿಲ್ ಮತ್ತು ಕಲ್ಲಿದ್ದಲು ಗಣಿ. ಲ್ಯಾಂಕಶೈರ್‌ನಲ್ಲಿ ಹತ್ತಿ ಮಿಲ್, ಅಲ್ಲೂ ಗಣಿ. 1850ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಮಿಲ್‌ಗಳಲ್ಲಿ ಹೆಂಗಸರು ಮತ್ತು ಚಿಕ್ಕ ವಯಸ್ಸಿನವರ ಶನಿವಾರದ ಕೆಲಸವನ್ನ ಮಧ್ಯಾಹ್ನ ಎರಡಕ್ಕೆ ನಿಲ್ಲಿಸ್ತು. ಅವರಿಲ್ಲದೆ ಮಿಲ್ ಓಡಲ್ವಲ್ಲ, ಹಾಗಾಗಿ ನಿಧಾನಕ್ಕೆ ಶನಿವಾರ ಮಧ್ಯಾಹ್ನ ಅನ್ನೋದೇ ಜನಸಾಮಾನ್ಯರ ರಜೆ ಆಯ್ತು. ಆ ಖಾಲಿ ಮಧ್ಯಾಹ್ನದಲ್ಲಿ ರಗ್ಬಿ ಬೆಳೀತು. 1877ರಲ್ಲಿ ಯಾರ್ಕ್‌ಶೈರ್ ಕಪ್ ಶುರುವಾದ ಮೇಲಂತೂ ಊರಿಗೆ ಊರೇ ಮೈದಾನಕ್ಕೆ ಬರೋಕೆ ಶುರುವಾಯ್ತು. ಜನ ಬಂದ್ರು, ಗೇಟ್‌ನಲ್ಲಿ ಟಿಕೆಟ್ ಬಂತು, ದುಡ್ಡು ಬಂತು.

ಇಲ್ಲೇ ನಮ್ಮ ಎಲ್‌ಒಪಿ ಬರೋದು. ಪಂದ್ಯ ಪಕ್ಕದ ಊರಲ್ಲಾದ್ರೆ ಮಧ್ಯಾಹ್ನ ಹೋಗಿ ಆಡಬಹುದು. ದೂರದ ಊರಾದ್ರೆ? ಬೆಳಗ್ಗೆನೇ ರೈಲು ಹತ್ತಬೇಕು, ಅರ್ಧ ದಿನದ ಕೂಲಿ ಹೋಯ್ತು. ಕೌಂಟಿ ಪಂದ್ಯ ವಾರದ ಮಧ್ಯೆ ಇದ್ರೆ ಪೂರ್ತಿ ದಿನದ ಕೂಲಿ. ಕ್ಲಬ್‌ನವರು ಟಿಕೆಟ್ ದುಡ್ಡು ಎಣಿಸ್ತಿದ್ದಾರೆ, ಆಡಿದವನ ಮನೇಲಿ ಮಾತ್ರ ಆ ವಾರ ರೇಷನ್‌ಗೆ ತತ್ವಾರ. ಈ ಹೋದ ಕೂಲಿಗೆ ಅಲ್ಲಿನ ಜನ ಇಟ್ಟ ಹೆಸರು 'ಬ್ರೋಕನ್ ಟೈಮ್'. ಕೆಲಸದ ಹೊತ್ತು ಮುರಿದು ಆಡೋಕೆ ಹೋಗಿದ್ದು. ಅದನ್ನ ತುಂಬಿಕೊಡಿ ಅನ್ನೋದು ಬೇಡಿಕೆ.

ಬೇಡಿಕೆ ಎಷ್ಟರದು? ದಿನಕ್ಕೆ ಆರು ಶಿಲಿಂಗ್. ಅದೇ ಮಿತಿ. ಸ್ವಲ್ಪ ಲೆಕ್ಕ ಹಾಕೋಣ. ಆಗ ತಂಡದಲ್ಲಿ 15 ಜನ, ಒಟ್ಟು 90 ಶಿಲಿಂಗ್. 20 ಶಿಲಿಂಗ್‌ಗೆ ಒಂದು ಪೌಂಡ್, ಅಂದ್ರೆ ನಾಲ್ಕೂವರೆ ಪೌಂಡ್. ಪಂದ್ಯಕ್ಕೆ 5,000 ಜನ ಬಂದ್ರು, ತಲೆಗೆ ಮೂರು ಪೆನ್ಸ್ ಟಿಕೆಟ್ ಅಂತ ಸುಮ್ನೆ ಇಟ್ಕೊಳ್ಳಿ. 15,000 ಪೆನ್ಸ್. ಪೌಂಡ್‌ಗೆ 240 ಪೆನ್ಸ್‌ನಂತೆ 62 ಪೌಂಡ್ 10 ಶಿಲಿಂಗ್. ಇದು ನನ್ನ ಉದಾಹರಣೆ ಅಷ್ಟೇ, ಆದ್ರೆ ಪ್ರಮಾಣ ಗೊತ್ತಾಗುತ್ತೆ. ಜನ ಸೇರಿಸೋ ಕ್ಲಬ್‌ಗೆ ಇದು ದೊಡ್ಡ ಹೊರೆ ಆಗಿರಲಿಲ್ಲ. ಜಗಳ ಕ್ಲಬ್‌ನ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿದೆ ಅನ್ನೋದರ ಬಗ್ಗೆ ಇರಲೇ ಇಲ್ಲ.

ಮತ್ಯಾತಕ್ಕೆ? ಲಂಡನ್‌ನವರಿಗೆ ಪಕ್ಕದಲ್ಲೇ ಫುಟ್‌ಬಾಲ್ ಕಾಣ್ತಿತ್ತು. 1883ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅನ್ನೋ ಲ್ಯಾಂಕಶೈರ್‌ನ ಕಾರ್ಮಿಕರ ತಂಡ, ಈಟನ್ ಶಾಲೆಯ ಹಳೇ ವಿದ್ಯಾರ್ಥಿಗಳ ತಂಡವನ್ನ ಸೋಲಿಸ್ತು. 1885ರಲ್ಲಿ ಫುಟ್‌ಬಾಲ್ ಸಂಸ್ಥೆ ಸಂಬಳದ ಆಟಕ್ಕೆ ಒಪ್ಪಿಗೆ ಕೊಡ್ತು, ಆಮೇಲೆ ದೊಡ್ಡವರ ಮಕ್ಕಳು ಕಪ್ ಮುಟ್ಟಲೇ ಇಲ್ಲ. ಮರುವರ್ಷವೇ ರಗ್ಬಿ ಯೂನಿಯನ್ ವೃತ್ತಿಪರತೆ ವಿರುದ್ಧ ಕಟ್ಟುನಿಟ್ಟಿನ ನಿಯಮ ತಂತು.

ಭಯಕ್ಕೆ ಕಾರಣ ರಗ್ಬಿಯಲ್ಲೂ ಇತ್ತು. ಯೂನಿಯನ್‌ನ ಕೌಂಟಿ ಚಾಂಪಿಯನ್‌ಶಿಪ್ ಶುರುವಾಗಿದ್ದು 1889ರಲ್ಲಿ. ಮೊದಲ ಎಂಟು ವರ್ಷಗಳಲ್ಲಿ ಏಳು ಸಲ ಗೆದ್ದಿದ್ದು ಯಾರ್ಕ್‌ಶೈರ್. ಉಳಿದ ಒಂದು ಸಲ, 1891ರಲ್ಲಿ, ಲ್ಯಾಂಕಶೈರ್. ದಕ್ಷಿಣದ ಒಂದು ಕೌಂಟಿಗೂ ಒಂದೂ ಕಪ್ ಇಲ್ಲ. ಪ್ರಾತಿನಿಧಿಕ ತಂಡಗಳ ಹವ್ಯಾಸಿ ಟೂರ್ನಿ ಅನ್ನೋ ಕಲ್ಪನೆ ಜಂಟಲ್‌ಮನ್‌ಗಳದ್ದು, ಅದನ್ನ ಗೆಲ್ತಿದ್ದವರಲ್ಲಿ ಗಣಿ ಮತ್ತು ಮಿಲ್ ಹುಡುಗರೇ ತುಂಬಿದ್ರು.

ಈಗ 1893ಕ್ಕೆ ಬನ್ನಿ. ಈ ಭಾಗವನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಆ ವರ್ಷ ಕಲ್ಲಿದ್ದಲು ಬೆಲೆ ಬಿದ್ದಿತ್ತು. ಗಣಿ ಮಾಲೀಕರು ಕೂಲಿಯಲ್ಲಿ ಶೇ 25ರಷ್ಟು ಕಡಿತ ಅಂದ್ರು. ಕಾರ್ಮಿಕರು ಒಪ್ಪಲಿಲ್ಲ. ಜುಲೈ ಕೊನೆಯಿಂದ ಗಣಿಗಳಿಗೆ ಲಾಕೌಟ್. ಮನೆಗಳಲ್ಲಿ ಒಲೆ ಉರಿಯೋದೇ ಕಷ್ಟವಾಯ್ತು. ಸೆಪ್ಟೆಂಬರ್ 7ರಂದು ಯಾರ್ಕ್‌ಶೈರ್‌ನ ಫೆದರ್‌ಸ್ಟೋನ್ ಅನ್ನೋ ಸಣ್ಣ ಗಣಿ ಊರಲ್ಲಿ, ಆಕ್ಟನ್ ಹಾಲ್ ಗಣಿಯ ಹತ್ತಿರ ಜನ ಸೇರಿದ್ರು. ಲಾಕೌಟ್ ಮಧ್ಯೆಯೂ ಕಲ್ಲಿದ್ದಲು ಲೋಡ್ ಆಗ್ತಿದೆ ಅನ್ನೋದು ಸಿಟ್ಟಿಗೆ ಕಾರಣ. ಪೊಲೀಸರು ಕಮ್ಮಿ ಇದ್ರು, ಯಾಕಂದ್ರೆ ಅವರಲ್ಲಿ ತುಂಬಾ ಜನರನ್ನ ಡಾನ್‌ಕಾಸ್ಟರ್ ಕುದುರೆ ರೇಸಿನ ಬಂದೋಬಸ್ತಿಗೆ ಕಳಿಸಲಾಗಿತ್ತು. ಹಾಗಾಗಿ ಸೈನ್ಯ ಬಂತು. ಗುಂಪು ಚದುರಲಿಲ್ಲ, ಸೈನಿಕರು ಗುಂಡು ಹಾರಿಸಿದ್ರು. ಜೇಮ್ಸ್ ಗಿಬ್ಸ್ ಮತ್ತು ಜೇಮ್ಸ್ ಡಗ್ಗನ್, ಇಬ್ಬರು ಸತ್ತರು.

ಅದಾಗಿ ಸರಿಯಾಗಿ 13 ದಿನ. ಸೆಪ್ಟೆಂಬರ್ 20, ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಪ್ಯಾಲೇಸ್ ಹೋಟೆಲ್. ರಗ್ಬಿ ಯೂನಿಯನ್‌ನ ಮಹಾಸಭೆ. ಯಾರ್ಕ್‌ಶೈರ್ ಪರವಾಗಿ ಜೆ. ಎ. ಮಿಲ್ಲರ್ ಎದ್ದು ನಿಂತು, ಆಟಗಾರರಿಗೆ ನಿಜವಾಗಿ ನಷ್ಟವಾದ ಕೂಲಿಯನ್ನ ತುಂಬಿಕೊಡೋಕೆ ಅನುಮತಿ ಕೊಡಿ ಅಂತ ಕೇಳಿದ್ರು. ಎದುರು ಪಾಳಯದವರು ಮೊದಲೇ ಪ್ರಾಕ್ಸಿ ಮತಗಳನ್ನ ಕಲೆಹಾಕಿ ಇಟ್ಕೊಂಡಿದ್ರು. ಫಲಿತಾಂಶ: ವಿರೋಧ 282, ಪರ 136.

ಗಣಿಯಲ್ಲಿ ಕೂಲಿ ಕಡಿತ ಮತ್ತು ರಗ್ಬಿಯಲ್ಲಿ ಕೂಲಿ ನಷ್ಟ, ಇವೆರಡೂ ಬೇರೆ ಬೇರೆ ಸಭೆಗಳ ಅಜೆಂಡಾ. ಒಂದರಿಂದಲೇ ಇನ್ನೊಂದು ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಆ ಹೋಟೆಲ್‌ನಲ್ಲಿ ಆರು ಶಿಲಿಂಗ್‌ಗೆ ಇಲ್ಲ ಅಂದ ದಿನ, ಯಾರ್ಕ್‌ಶೈರ್‌ನ ಗಣಿ ಊರುಗಳಲ್ಲಿ ವಾರಗಟ್ಟಲೆ ಒಂದು ಶಿಲಿಂಗ್ ಕೂಲಿಯೂ ಬಂದಿರಲಿಲ್ಲ. ಈ ಎರಡು ತಾರೀಖುಗಳನ್ನ ಪಕ್ಕಪಕ್ಕ ಇಟ್ಟು ನೋಡದೆ ಆ ಮತದಾನ ಅರ್ಥ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಎರಡು ವರ್ಷ ಎಳೆದಾಟ ನಡೀತು. ಹಡರ್ಸ್‌ಫೀಲ್ಡ್ ಹತ್ತಿರದ ಒಂದು ಶಾಲೆಯ ಹೆಡ್‌ಮಾಸ್ಟರ್ ರೆವರೆಂಡ್ ಫ್ರಾಂಕ್ ಮಾರ್ಷಲ್, ಯಾರು ಯಾರಿಗೆ ಗುಟ್ಟಾಗಿ ದುಡ್ಡು ಕೊಟ್ಟರು ಅಂತ ಹುಡುಕೋದನ್ನೇ ಕಾಯಕ ಮಾಡ್ಕೊಂಡಿದ್ರು. ಕೊನೆಗೆ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ರೈಲ್ವೆ ಸ್ಟೇಷನ್ ಪಕ್ಕದ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸೇರಿದವು. ವಿಗನ್, ವಾರಿಂಗ್ಟನ್, ಲೀಡ್ಸ್, ಹ್ಯಾಲಿಫ್ಯಾಕ್ಸ್, ಹಲ್, ಸೇಂಟ್ ಹೆಲೆನ್ಸ್ ಎಲ್ಲಾ ಇದ್ದವು. ಸ್ಟಾಕ್‌ಪೋರ್ಟ್ ಕ್ಲಬ್ ಸೇರಿದ್ದು ಟೆಲಿಫೋನ್ ಕರೆ ಮೇಲೆ. ಒಟ್ಟು 22 ಕ್ಲಬ್‌ಗಳ 'ನಾರ್ದರ್ನ್ ಯೂನಿಯನ್' ಹುಟ್ಟಿತು. ಇದೇ ಮುಂದೆ 1922ರಲ್ಲಿ ರಗ್ಬಿ ಫುಟ್‌ಬಾಲ್ ಲೀಗ್ ಅಂತ ಹೆಸರು ಬದಲಿಸಿಕೊಂಡಿತು.

ಬಿಟ್ಟು ಬಂದವರು ಕೌಂಟಿಯನ್ನ ಮಾತ್ರ ಬಿಡಲಿಲ್ಲ. ಮೊದಲ ಸೀಸನ್‌ನಲ್ಲೇ, 1895–96ರಲ್ಲೇ, ತಮ್ಮದೇ ಕೌಂಟಿ ಚಾಂಪಿಯನ್‌ಶಿಪ್ ಶುರುಮಾಡಿದ್ರು. ಯಾರ್ಕ್‌ಶೈರ್, ಲ್ಯಾಂಕಶೈರ್, ಚೆಶೈರ್, ನಂತರ ಕಂಬರ್‌ಲ್ಯಾಂಡ್. ಹಳೇ ಮನೆಗೆ ಆದ ನಷ್ಟ ಏನು ಅಂತೀರಾ? 1892ರಲ್ಲಿ ಚಾಂಪಿಯನ್ ಆಗಿದ್ದ ಇಂಗ್ಲೆಂಡ್ ಯೂನಿಯನ್ ತಂಡ, ನೆರೆಯ ದೇಶಗಳ ಜೊತೆಗಿನ ಆ ಚಾಂಪಿಯನ್‌ಶಿಪ್ ಅನ್ನ ಮತ್ತೆ ಗೆದ್ದಿದ್ದು 1910ರಲ್ಲಿ.

ಈಗ ನನಗೆ ಅತ್ಯಂತ ಇಷ್ಟವಾದ ಭಾಗ. ಎಲ್ಲರೂ ಅಂದ್ಕೊಳ್ಳೋದು ಏನಂದ್ರೆ, 1895ರಲ್ಲಿ ಲೀಗ್‌ನವರು ಬಾಗಿಲು ತೆರೆದು ಸಂಬಳ ಹಂಚಿದ್ರು ಅಂತ. ಇಲ್ಲ. ಮೊದಲ ಮೂರು ವರ್ಷ ಬ್ರೋಕನ್ ಟೈಮ್ ಮಾತ್ರ. 1898ರಲ್ಲಿ ಸಂಬಳಕ್ಕೆ ಒಪ್ಪಿಗೆ ಬಂತು, ಜೊತೆಗೇ ಒಂದು ವಿಚಿತ್ರ ಷರತ್ತು ಬಂತು: ದುಡ್ಡು ತಗೊಂಡು ಆಡೋನಿಗೆ ಬೇರೆ ಒಂದು ನಿಜವಾದ ಕೆಲಸ ಇರಲೇಬೇಕು. ಕೆಲಸ ಇಲ್ಲ ಅಂದ್ರೆ ಆಟ ಇಲ್ಲ. ನಿಜವಾದ ಕೆಲಸ ಯಾವುದು ಅಲ್ಲ ಅನ್ನೋದಕ್ಕೂ ನಿಯಮ. ಬಿಲಿಯರ್ಡ್ಸ್ ಟೇಬಲ್ ಹತ್ತಿರ ಸ್ಕೋರ್ ಬರೆಯೋ ಕೆಲಸ ನಡೆಯಲ್ಲ. ಬಾರ್‌ನಲ್ಲಿ ವೇಟರ್ ಕೆಲಸ ನಡೆಯಲ್ಲ. ಕ್ಲಬ್‌ನಲ್ಲೇ ಏನೋ ಒಂದು ಹುದ್ದೆ ಕೊಟ್ಟಿದ್ದಾರೆ ಅಂದ್ರೆ ಅದೂ ನಡೆಯಲ್ಲ. ಆಟದ ನೆಪದಲ್ಲಿ ಸುಮ್ನೆ ಓಡಾಡ್ಕೊಂಡಿರೋರು ಬೇಡ ಅನ್ನೋ ಯೋಚನೆ. ಈ ಷರತ್ತು ಹೋಗಿದ್ದು 1905ರಲ್ಲಿ.

ಆ ನಿಯಮ ಒಂದು ಸಲ ಆಟಗಾರನ ಕಡೆಯಿಂದ ನೋಡಿ. ಗಣಿಯಲ್ಲಿ ಕೆಲಸ ಹೋಯ್ತು. ಅದೇ ಕಾರಣಕ್ಕೆ ಶನಿವಾರದ ಪಂದ್ಯದ ದುಡ್ಡೂ ಹೋಯ್ತು. ಕಷ್ಟದ ವಾರದಲ್ಲೇ ಎರಡೂ ಕಡೆ ಕತ್ತರಿ. ಕಾರ್ಮಿಕರ ಆಟ ಅಂತ ಹೇಳ್ಕೊಂಡ ಸಂಸ್ಥೆ ಕೂಡ ಕಾರ್ಮಿಕನನ್ನ ಪೂರ್ತಿ ನಂಬಿರಲಿಲ್ಲ. ಲೀಗ್ ಇತಿಹಾಸವನ್ನ ಬರೀ ಬಂಡಾಯದ ಕಥೆಯಾಗಿ ಹೇಳೋರು ಈ ಪುಟವನ್ನ ಸಾಮಾನ್ಯವಾಗಿ ಹಾರಿಸಿಬಿಡ್ತಾರೆ.

ಇದೇ ಎಲ್‌ಒಪಿ ಜಗಳ ಆಸ್ಟ್ರೇಲಿಯಾಕ್ಕೂ ಹೋಯ್ತು. 1907ರಲ್ಲಿ ಸಿಡ್ನಿಯ ಅಲೆಕ್ ಬರ್ಡನ್ ಅನ್ನೋ ಆಟಗಾರ ಗಾಯಗೊಂಡು ಕೆಲಸಕ್ಕೆ ಹೋಗೋಕೆ ಆಗಲಿಲ್ಲ, ಯೂನಿಯನ್ ಪರಿಹಾರ ಕೊಡಲಿಲ್ಲ. ಅತೃಪ್ತರು ಸೇರ್ತಿದ್ದಿದ್ದು ಎಲ್ಲಿ ಗೊತ್ತಾ? ವಿಕ್ಟರ್ ಟ್ರಂಪರ್‌ನ ಸ್ಪೋರ್ಟ್ಸ್ ಅಂಗಡಿಯಲ್ಲಿ. ಹೌದು, ಅದೇ ಬ್ಯಾಟ್ಸ್‌ಮನ್ ಟ್ರಂಪರ್. ಆ ಆಗಸ್ಟ್‌ನಲ್ಲಿ ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಹುಟ್ಟಿತು, ಖಜಾಂಚಿ ಟ್ರಂಪರ್. ಮುಂದೆ ಲೀಗ್ ಅಲ್ಲಿ ಎರಡು ರಾಜ್ಯಗಳಲ್ಲಿ, ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನಲ್ಲಿ, ದೊಡ್ಡ ವ್ಯಾಪಾರವಾಯ್ತು. ಉಳಿದ ಕಡೆ ಹವ್ಯಾಸವಾಗೇ ಉಳೀತು. ವೆಸ್ಟರ್ನ್ ಆಸ್ಟ್ರೇಲಿಯಾ, ಸೌತ್ ಆಸ್ಟ್ರೇಲಿಯಾ, ವಿಕ್ಟೋರಿಯಾ, ನಾರ್ದರ್ನ್ ಟೆರಿಟರಿಗಳಿಗಾಗಿ 'ಅಫಿಲಿಯೇಟೆಡ್ ಸ್ಟೇಟ್ಸ್ ಚಾಂಪಿಯನ್‌ಶಿಪ್' ಅನ್ನೋ ಹವ್ಯಾಸಿ ಟೂರ್ನಿ ಇದೆ. ಅದರಲ್ಲಿ ಪೊಲೀಸ್ ತಂಡ, ಸೇನಾ ತಂಡ ಕೂಡ ಆಡಿವೆ. ನಮ್ಮ ರಾಷ್ಟ್ರೀಯ ಕಬಡ್ಡಿಯಲ್ಲಿ ರೈಲ್ವೇಸ್, ಸರ್ವಿಸಸ್ ಆಡೋ ಹಾಗೆ.

ವಾಪಸ್ ಉತ್ತರ ಇಂಗ್ಲೆಂಡ್‌ಗೆ. ದೊಡ್ಡ ಕ್ಲಬ್‌ಗಳಲ್ಲಿ ಸಂಬಳ ಬಂತು, ಆದ್ರೆ ಆ ಕ್ಲಬ್‌ಗಳು ಎಷ್ಟು? ಒಂದು ಮೂವತ್ತು ಅಂತಿಟ್ಕೊಳ್ಳಿ. ಅದರ ಕೆಳಗೆ ಗಣಿಯ ತಂಡ, ಪಬ್‌ನ ತಂಡ, ಚರ್ಚ್‌ನ ತಂಡ, ಬೀದಿಯ ತಂಡ. ಅಲ್ಲಿ ಆಡ್ತಿದ್ದೋರಿಗೆ ಒಂದು ಪೆನ್ನಿಯೂ ಇಲ್ಲ. ಆಡೋಕೆ ಜಾಗ ಕೂಡ ಕಲ್ಲಿದ್ದಲಿಂದಲೇ ಬಂತು. 1920ರ ಗಣಿ ಉದ್ಯಮ ಕಾಯ್ದೆಯಲ್ಲಿ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿ ಸೆಸ್ ಹಾಕಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಮಾಡಿದ್ರು. ಅದರಿಂದ ಊರೂರಲ್ಲಿ ಹಾಲ್, ಮೈದಾನಗಳು ಎದ್ದವು. ಇವತ್ತಿಗೂ ಅಲ್ಲಿನ ಎಷ್ಟೋ ಮೈದಾನಗಳ ಹೆಸರಲ್ಲಿ 'ಮೈನರ್ಸ್ ವೆಲ್‌ಫೇರ್' ಅಂತ ಇರೋದು ಇದಕ್ಕೇ.

ಈ ಒಂದು ಪೆನ್ನಿಯೂ ಮುಟ್ಟದ ಹುಡುಗರನ್ನ ರಗ್ಬಿ ಯೂನಿಯನ್ ಏನಂತ ಕರೀತು? ವೃತ್ತಿಪರರು ಅಂತ. ಲೀಗ್ ಆಡಿದ್ದೀಯಾ, ನೀನು ಪ್ರೊಫೆಷನಲ್. ದುಡ್ಡು ತಗೊಂಡಿದ್ದೀಯೋ ಇಲ್ವೋ ಯಾರೂ ಕೇಳಲ್ಲ. ಶಿಕ್ಷೆ, ಯೂನಿಯನ್‌ನಿಂದ ಜೀವಾವಧಿ ಬ್ಯಾನ್. ಯುದ್ಧ ಬಂದಾಗ ಮಾತ್ರ ಮಡಿ ಸ್ವಲ್ಪ ಸಡಿಲವಾಯ್ತು, ಯಾಕಂದ್ರೆ ಸೈನ್ಯದಲ್ಲಿ ಎರಡೂ ಕಡೆಯವರು ಒಂದೇ ಬ್ಯಾರಕ್‌ನಲ್ಲಿದ್ರು. 1943ರಲ್ಲಿ ಲೀಡ್ಸ್‌ನಲ್ಲಿ, 1944ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಲೀಗ್ ಸೈನಿಕರಿಗೂ ಯೂನಿಯನ್ ಸೈನಿಕರಿಗೂ ಪಂದ್ಯ ಆಯ್ತು. ಎರಡೂ ಯೂನಿಯನ್ ನಿಯಮದಲ್ಲೇ. ಎರಡನ್ನೂ ಗೆದ್ದಿದ್ದು ಲೀಗ್‌ನವರು, 18–11 ಮತ್ತು 15–10. ಯುದ್ಧ ಮುಗಿದ ಮೇಲೆ ಬಾಗಿಲು ಮತ್ತೆ ಬಂದ್.

ಹವ್ಯಾಸಿಗಳಿಗೆ ಸ್ವಂತ ಮನೆಯಲ್ಲೂ ಮರ್ಯಾದೆ ಕಮ್ಮಿ. ಲೀಗ್ ಸಂಸ್ಥೆಯ ಗಮನ ಎಲ್ಲಾ ದೊಡ್ಡ ಕ್ಲಬ್‌ಗಳ ಮೇಲೆ. 1970ರ ದಶಕ ಶುರುವಾಗೋ ಹೊತ್ತಿಗೆ 150ಕ್ಕಿಂತ ಕಮ್ಮಿ ಹವ್ಯಾಸಿ ತಂಡಗಳು ಉಳಿದಿದ್ದವು, ಯುವಕರ ತಂಡಗಳು ಬರೀ 30ರಷ್ಟು. ಆಗ 1973ರಲ್ಲಿ, ಮತ್ತೆ ಅದೇ ಹಡರ್ಸ್‌ಫೀಲ್ಡ್‌ನಲ್ಲಿ, ಮತ್ತೆ ಒಂದು ಹೋಟೆಲ್‌ನಲ್ಲಿ ಒಂದಷ್ಟು ಜನ ಸೇರಿ ಬ್ರಿಟಿಷ್ ಅಮೆಚ್ಯೂರ್ ರಗ್ಬಿ ಲೀಗ್ ಅಸೋಸಿಯೇಷನ್ ಕಟ್ಟಿದ್ರು. ಚಿಕ್ಕದಾಗಿ 'ಬಾರ್ಲಾ'. ಹೋಟೆಲ್ ಹೆಸರು ಗ್ರೀನ್‌ಸೈಡ್. ಲೀಗ್ ಸಂಸ್ಥೆಯಲ್ಲಿ ಇವರಿಗೆ ಮಾನ್ಯತೆ ಕೊಡಬೇಕಾ ಅಂತ ಮತಕ್ಕೆ ಹಾಕಿದಾಗ ವಿರೋಧ 29, ಪರ 1. 1893ರಲ್ಲಾದ್ರೂ 136 ಮತ ಇತ್ತು! ವರ್ಕಿಂಗ್‌ಟನ್ ಟೌನ್ ಕ್ಲಬ್‌ನ ಟಾಮ್ ಮಿಚೆಲ್ ಇವರ ಪರ ನಿಂತರು, ವರ್ಷದೊಳಗೆ ಅದೇ ಸಭೆ ಸರ್ವಾನುಮತದಿಂದ ಒಪ್ಪಿಕೊಂಡಿತು.

ಪದದ ಪ್ರಯಾಣ ಗಮನಿಸಿದ್ರಾ? 1893ರಲ್ಲಿ 'ಅಮೆಚ್ಯೂರ್' ಅನ್ನೋ ಪದವನ್ನ ಬಾಗಿಲಿಗೆ ಅಡ್ಡ ಹಾಕಿ ಗಣಿ ಕಾರ್ಮಿಕರನ್ನ ಹೊರಗಿಟ್ರು. 80 ವರ್ಷ ಆದ ಮೇಲೆ ಅದೇ ಕಾರ್ಮಿಕರ ಮೊಮ್ಮಕ್ಕಳು ಆ ಪದವನ್ನ ತಮ್ಮ ಬೋರ್ಡ್ ಮೇಲೆ ಬರೆಸ್ಕೊಂಡ್ರು. ದುಡ್ಡು ಮುಟ್ಟೋದು ಪಾಪ ಅನ್ನೋ ಅರ್ಥ ಅದಕ್ಕೆ ಈಗ ಇರಲಿಲ್ಲ. ನಮಗೆ ಸಂಬಳ ಇಲ್ಲ, ಆದ್ರೂ ನಾವೂ ಆಟಗಾರರೇ, ನಮ್ಮ ಲೀಗ್ ನಾವೇ ನಡೆಸ್ಕೊಳ್ತೀವಿ ಅನ್ನೋ ಅರ್ಥ ಬಂದಿತ್ತು.

ಬಾರ್ಲಾ ನಡೆಸಿಕೊಂಡು ಬಂದ ನ್ಯಾಷನಲ್ ಕೌಂಟಿ ಚಾಂಪಿಯನ್‌ಶಿಪ್ ಇದರ ಎದ್ದು ಕಾಣೋ ಉದಾಹರಣೆ. ಆರಂಭದಲ್ಲಿ ಹೇಳಿದ ಟೂರ್ನಿ ಇದೇ. ದೊಡ್ಡವರ ತಂಡ ಇದೆ, ಹುಡುಗರಿಗೆ ವಯಸ್ಸಿನ ಪ್ರಕಾರ ತಂಡಗಳಿವೆ. ಕ್ಲಬ್ ಪಂದ್ಯಗಳಲ್ಲಿ ಒಬ್ಬರನ್ನೊಬ್ಬರು ಕೆಡವಿದವರು ಇಲ್ಲಿ ಒಂದೇ ಜೆರ್ಸಿಯಲ್ಲಿ ನಿಲ್ತಾರೆ. ಯಾರ್ಕ್‌ಶೈರ್‌ಗೆ ಬಿಳಿ ಗುಲಾಬಿ, ಲ್ಯಾಂಕಶೈರ್‌ಗೆ ಕೆಂಪು ಗುಲಾಬಿ. ಕಂಬ್ರಿಯಾ ಅಂತೂ ಇವರ ಮುಂದೆ ಜನಸಂಖ್ಯೆಯಲ್ಲಿ ತೀರಾ ಸಣ್ಣದು, ಬೆಟ್ಟ, ಕೆರೆ, ಸಮುದ್ರತೀರದ ಹಳೇ ಗಣಿ ಊರುಗಳ ನಾಡು. ಕೌಂಟಿ ಅಂತಾಗಿದ್ದೇ 1974ರಲ್ಲಿ, ಕಂಬರ್‌ಲ್ಯಾಂಡ್, ವೆಸ್ಟ್‌ಮರ್‌ಲ್ಯಾಂಡ್ ಸೇರಿಸಿ, ಲ್ಯಾಂಕಶೈರ್‌ನ ಒಂದು ತುಂಡು, ಯಾರ್ಕ್‌ಶೈರ್‌ನ ಒಂದು ಚೂರು ಅಂಟಿಸಿ. ಬ್ಯಾರೋ ಅನ್ನೋ ಹಡಗು ಕಟ್ಟೋ ಊರು ಅಲ್ಲಿವರೆಗೆ ಲ್ಯಾಂಕಶೈರ್‌ನಲ್ಲಿತ್ತು. ಒಂದು ದಿನ ಬೆಳಗ್ಗೆ ಎದ್ದು ನೋಡಿದ್ರೆ ಜಿಲ್ಲೆ ಬದಲಾಗಿದೆ ಅನ್ನೋ ಅನುಭವ ನಮ್ಮಲ್ಲೂ ಎಷ್ಟೋ ತಾಲ್ಲೂಕಿನವರಿಗೆ ಇದೆ ಬಿಡಿ.

ಇನ್ನು ಸಂಬಳದವರ ಕೌಂಟಿ ಚಾಂಪಿಯನ್‌ಶಿಪ್ ಏನಾಯ್ತು? ಕುಂಟುತ್ತಾ ನಡೆದು 1982–83ಕ್ಕೆ ನಿಂತುಹೋಯ್ತು. ಅದರ ನಂತರ 'ವಾರ್ ಆಫ್ ದಿ ರೋಸಸ್' ಅಂತ ಯಾರ್ಕ್‌ಶೈರ್–ಲ್ಯಾಂಕಶೈರ್ ಪಂದ್ಯ ಕೆಲವು ವರ್ಷ ನಡೆಸಿ ನೋಡಿದ್ರು, ಅದೂ ಉಳಿಯಲಿಲ್ಲ. ನನಗನ್ನಿಸೋದು ಇಷ್ಟು: ಸಂಬಳ ಕೊಡೋ ಕ್ಲಬ್‌ಗೆ ತನ್ನ ಆಟಗಾರ ಕೌಂಟಿಗೆ ಹೋಗಿ ಮಂಡಿ ಮುರ್ಕೊಂಡು ಬಂದ್ರೆ ಅದು ನೇರ ನಷ್ಟ. ಹವ್ಯಾಸಿಗೆ ಹಾಗಲ್ಲ. ಅವನ ಆಟದ ಬದುಕಲ್ಲಿ ಕೌಂಟಿ ಜೆರ್ಸಿಯೇ ಬಹುಶಃ ಅತಿ ದೊಡ್ಡ ಮೆಟ್ಟಿಲು. ಹಾಗಾಗಿ ದುಡ್ಡಿದ್ದ ಟೂರ್ನಿ ಸತ್ತಿತು, ದುಡ್ಡಿಲ್ಲದ್ದು ಬದುಕಿತು.

ಯೂನಿಯನ್ ಕಡೆ ಏನಾಯ್ತು ಅಂತ ಬೇಗ ಹೇಳಿಬಿಡ್ತೀನಿ. 1987ರಲ್ಲಿ ಎರಡೂ ಆಟಗಳ ಹವ್ಯಾಸಿಗಳು ಆ ಕಡೆ ಈ ಕಡೆ ಓಡಾಡಬಹುದು ಅಂತ ಒಪ್ಪಂದ ಆಯ್ತು. ಹಾಗಿದ್ದೂ 1994ರಲ್ಲಿ ಆಕ್ಸ್‌ಫರ್ಡ್ ವಿರುದ್ಧ ಆಡಿದ ಒಬ್ಬ ಕೇಂಬ್ರಿಜ್ ವಿದ್ಯಾರ್ಥಿಗೆ, ಹಿಂದೆ ವೃತ್ತಿಪರ ಲೀಗ್ ಕ್ಲಬ್‌ಗೆ ದುಡ್ಡಿಲ್ಲದೆ ಆಡಿದ್ದ ಅನ್ನೋ ಕಾರಣಕ್ಕೆ ಬ್ಯಾನ್ ಬಿತ್ತು. ಅದಾದ ಮರುವರ್ಷ, 1995ರ ಆಗಸ್ಟ್ ಕೊನೆಯ ವಾರದಲ್ಲಿ, ಪ್ಯಾರಿಸ್‌ನಲ್ಲಿ ಸಭೆ ಸೇರಿದ ಯೂನಿಯನ್‌ನ ಅಂತರರಾಷ್ಟ್ರೀಯ ಮಂಡಳಿ, ಇನ್ಮೇಲೆ ಆಟಗಾರರಿಗೆ ಸಂಬಳ ಕೊಡಬಹುದು ಅಂತ ಘೋಷಿಸಿತು. ಜಾರ್ಜ್ ಹೋಟೆಲ್ ಸಭೆಗೆ ನೂರು ವರ್ಷ ತುಂಬೋಕೆ ಆಗ ಕೆಲವೇ ದಿನ ಬಾಕಿ.

ಹಾಗಾದ್ರೆ ಆರು ಶಿಲಿಂಗ್‌ನ ಲೆಕ್ಕ ಚುಕ್ತಾ ಆಯ್ತಾ? ಮೇಲಿನವರಿಗೆ ಆಯ್ತು. ಫೆದರ್‌ಸ್ಟೋನ್‌ನ ಕ್ಲಬ್, ಅದೇ ಗುಂಡು ಹಾರಿದ ಊರಿನ ಕ್ಲಬ್, 1967, 1973, 1983ರಲ್ಲಿ ಚಾಲೆಂಜ್ ಕಪ್ ಗೆದ್ದಿತು. ಗಣಿ ಹುಡುಗರು ವೆಂಬ್ಲಿಯಲ್ಲಿ ಕಪ್ ಎತ್ತಿದ್ರು. 1984–85ರ ದೊಡ್ಡ ಮುಷ್ಕರದ ನಂತರ ಗಣಿಗಳು ಒಂದೊಂದಾಗಿ ಮುಚ್ಚಿದವು. ಟನ್ನಿಗೆ ಒಂದು ಪೆನ್ನಿ ಕೊಡ್ತಿದ್ದ ಕಲ್ಲಿದ್ದಲೇ ನೆಲದೊಳಗೆ ಉಳೀತು, ಅದರಿಂದ ಎದ್ದ ಮೈದಾನಗಳನ್ನ ಊರಿನ ಹವ್ಯಾಸಿ ಕ್ಲಬ್‌ಗಳು ರ‍್ಯಾಫಲ್ ಟಿಕೆಟ್, ಕ್ಲಬ್ ಬಾರ್, ಮೆಂಬರ್‌ಶಿಪ್ ಫೀ ಅಂತ ಸೇರಿಸಿ ನೋಡಿಕೊಳ್ಳಬೇಕಾಯ್ತು.

ಕೌಂಟಿ ಆಟಗಾರನ ಲೆಕ್ಕ ಇನ್ನೂ ಹಳೇ ಥರಾನೇ ಇದೆ. ಶಿಫ್ಟ್ ಕೆಲಸ ಮಾಡೋನಿಗೆ ಕೌಂಟಿ ಪಂದ್ಯ ಶಿಫ್ಟ್ ದಿನ ಬಿದ್ರೆ ಒಂದೋ ಯಾರ ಜೊತೆಯಾದ್ರೂ ಬದಲಾಯಿಸ್ಕೋಬೇಕು, ಇಲ್ಲಾ ರಜೆ ಹಾಕ್ಬೇಕು. ಸ್ವಂತ ಕೆಲಸ ಮಾಡೋ ಪ್ಲಂಬರ್‌ಗೆ ಭುಜ ಜಾರಿದ್ರೆ ಆರು ವಾರ ಪೈಪ್ ಹಿಡಿಯೋಕಾಗಲ್ಲ, ಆ ಆರು ವಾರ ದುಡಿಮೆ ಇಲ್ಲ. ಅಲೆಕ್ ಬರ್ಡನ್ ಇದ್ದ ಜಾಗದಲ್ಲೇ ಅವನೂ ಇದ್ದಾನೆ. ವ್ಯತ್ಯಾಸ ಏನಂದ್ರೆ, ಆಡಬೇಡ ಅಂತ ಅವನನ್ನ ಈಗ ಯಾರೂ ಹೊರಗೆ ಹಾಕಲ್ಲ. ಖರ್ಚು ಅವನದ್ದೇ ಅಂತ ಅವನಿಗೂ ಗೊತ್ತು, ಅವನ ಮನೆಯವರಿಗೂ ಗೊತ್ತು. ಆದ್ರೂ ಕೌಂಟಿಯಿಂದ ಕರೆ ಬಂದ್ರೆ ಕಿಟ್ ಬ್ಯಾಗ್ ರೆಡಿ ಮಾಡ್ಕೊಂಡು ಹೊರಡ್ತಾನೆ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಕಬಡ್ಡಿಗೋ ವಾಲಿಬಾಲ್‌ಗೋ ಜಿಲ್ಲಾ ತಂಡಕ್ಕೆ ಆಡೋಕೆ ಕೆಲಸ ಬಿಟ್ಟು ಹೋದವರು ಇದ್ರೆ, ಆ ದಿನದ ಕೂಲಿ ಯಾರು ಕೊಟ್ರು ಅಂತ ಕೇಳಿ, ನನಗೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.